ಅಮ್ಮನ ಬೀರು ಮತ್ತು ತೇಲುವ ಮನೆ

ದಾವಣಗೆರೆಯಿಂದ ಬಂದಿದ್ದ ಅಮ್ಮನನ್ನು ಆಮ್‌ಸ್ಟರ್‌ಡ್ಯಾಮಿನ ಐಬರ್ಗ್‌ಗೆ ಟ್ರಾಮಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಲ್ಲಿನ ವಾಟರ್‌ಬೂರ್ಟ್ ಬಡಾವಣೆಯ ಮನೆಗಳು ನೀರಿನ ಮೇಲೇ ಇವೆ. ದೋಣಿಯಲ್ಲ, ಮೂರಂತಸ್ತಿನ ಮನೆಗಳು! ಅಡಿಯಲ್ಲಿ ಕಾಂಕ್ರೀಟಿನ ತೊಟ್ಟಿ, ಕೆಳಗಿನ ಅಂತಸ್ತು ಅರ್ಧ ನೀರೊಳಗೆ.

“ಕಾಂಕ್ರೀಟ್ ತೇಲುತ್ತದೇನೋ?”

“ಹಂಡೆ ತೇಲುವುದಿಲ್ಲವೇ ಅಮ್ಮ?”

ಮನೆಗಳನ್ನು ದೂರದ ಹಡಗುಕಟ್ಟೆಯಲ್ಲಿ ಕಟ್ಟಿ, ನೀರಿನಲ್ಲಿ ಎಳೆದು ತಂದಿದ್ದಾರೆ. ದಾರಿಯ ನೀರುಗೇಟಿನಲ್ಲಿ ತೂರಬೇಕಾದ್ದರಿಂದ ಎಲ್ಲವೂ ಕಿರಿದು. ಎದುರುಬದುರು ಮೂಲೆಗಳಲ್ಲಿ ಉಕ್ಕಿನ ಕಂಬಗಳಿವೆ. ನೀರು ಏರಿದಾಗ ಮನೆ ಅವುಗಳ ಗುಂಟ ಮೇಲೇರುತ್ತದೆ, ಪಕ್ಕಕ್ಕೆ ಸರಿಯುವುದಿಲ್ಲ. ಅಮ್ಮ ಕಾಲುಸೇತುವೆಯ ಮೇಲೆ ನಿಂತು ಕಂಬದ ಸುತ್ತಲಿನ ಪಾಚಿಯ ಗೆರೆಯನ್ನೇ ನೋಡುತ್ತಿದ್ದಳು.

ಕೆರೆ ಮುಚ್ಚಿ ಸೈಟು ಮಾಡಿದ ಬೆಂಗಳೂರಿನಲ್ಲಿ ಹತ್ತು ವರ್ಷ ಬಾಡಿಗೆಗಿದ್ದವನು ನಾನು. ಈ ಬಡಾವಣೆಯಲ್ಲಿ ನೀರನ್ನು ನೀರಾಗಿಯೇ ಬಿಟ್ಟು ಮನೆ ಮಾಡಿದ್ದು ಕಂಡು ಹೊಟ್ಟೆ ಉರಿಯಿತು. ಹಾಗೆಂದು ಇದು ಬಡವರ ಪಾಲಿನ ಪರಿಹಾರವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಭಾರವೆಲ್ಲ ಒಂದೇ ಕಡೆ ಇಟ್ಟರೆ ಮನೆ ವಾಲುತ್ತದೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು.

“ಹಾಗಾದರೆ ನನ್ನ ಬೀರು ನಡುಮನೆಯಲ್ಲೇ ಇಡಬೇಕಾಗುತ್ತದೆ.”