ಮೊದಲು ಆ ಫೋನ್ ಕರೆಗೆ ರಕ್ಷಣೆ ಕೊಡಿ

1986ರ ಜೂನ್ 19ರ ಬೆಳಗ್ಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಸ್ ಕೊಕೇನ್ ಸೇವಿಸಿ ಕುಸಿದುಬಿದ್ದ. ಬಾಸ್ಟನ್ ಸೆಲ್ಟಿಕ್ಸ್ ತಂಡ ಆತನನ್ನು ಆರಿಸಿಕೊಂಡು ಎರಡೇ ದಿನವಾಗಿತ್ತು. ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದ್ದು ಜೊತೆಗಿದ್ದ ಗೆಳೆಯ. ಮುಂದೆ ಡ್ರಗ್ಸ್ ಆರೋಪ ಹೊತ್ತು ಕಟಕಟೆಯಲ್ಲಿ ನಿಂತದ್ದೂ ಅದೇ ಗೆಳೆಯ. 1987ರಲ್ಲಿ ಜ್ಯೂರಿ ಆತನನ್ನು ಖುಲಾಸೆ ಮಾಡಿತು. ಅಷ್ಟರೊಳಗೆ, ಈ ಸಾವು ಎಬ್ಬಿಸಿದ ಆಕ್ರೋಶದ ನಡುವೆ, ಅಮೆರಿಕದ ಸಂಸತ್ತು ಕಾನೂನು ಮಾಡಿ ಮುಗಿಸಿತ್ತು: ಹಂಚಿದ ಡ್ರಗ್ಸ್‌ನಿಂದ ಸಾವಾದರೆ ಕನಿಷ್ಠ 20 ವರ್ಷ ಜೈಲು.

ತೊಡಕಿರುವುದು 'ಹಂಚಿಕೆ' ಎಂಬ ಪದದಲ್ಲಿ. ದುಡ್ಡು ಕೈ ಬದಲಾಗಲೇಬೇಕೆಂದಿಲ್ಲ. ಗೆಳೆಯರಿಬ್ಬರಲ್ಲಿ ಒಬ್ಬ ಹೋಗಿ ಪೊಟ್ಟಣ ತಂದು ಇನ್ನೊಬ್ಬನ ಕೈಗಿಟ್ಟರೂ ಹಂಚಿಕೆಯಾದೀತು. ಇಬ್ಬರೂ ಒಟ್ಟಿಗೇ ಹೋಗಿ ಕೊಂಡಿದ್ದರೆ ಮಾತ್ರ ತಪ್ಪಿಸಿಕೊಳ್ಳುವ ದಾರಿಯಿದೆ. ಅಂದರೆ ಅಂಗಡಿಗೆ ಹೋದವರು ಎಷ್ಟು ಮಂದಿ ಎಂಬುದರ ಮೇಲೆ 20 ವರ್ಷ ನಿಂತಿದೆ! ನ್ಯೂಜೆರ್ಸಿ ರಾಜ್ಯದ 1987ರ ಕಾನೂನಿನಲ್ಲಿ, ಸತ್ತವನು ತಾನಾಗಿಯೇ ಚುಚ್ಚಿಕೊಂಡ ಎಂಬ ವಾದವೂ ನಡೆಯುವುದಿಲ್ಲ.

2014ರಲ್ಲಿ ಬರೇಜ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ 20 ವರ್ಷದ ಶಿಕ್ಷೆಗೆ ಒಂದಿಷ್ಟು ಲಗಾಮು ಹಾಕಿತು. ಮಾರಿದ್ದು 1 ಗ್ರಾಂ ಹೆರಾಯಿನ್. ಸತ್ತವನ ದೇಹದಲ್ಲಿ ಬೇರೆ ಮಾದಕಗಳೂ ಇದ್ದವು. ಹೆರಾಯಿನ್ ಇಲ್ಲದಿದ್ದರೆ ಬದುಕುತ್ತಿದ್ದನೇ ಎಂದರೆ ತಜ್ಞ ವೈದ್ಯರು ಹೌದೆನ್ನಲಿಲ್ಲ. ಸಾವಿಗೆ 'ನೆರವಾಯಿತು' ಎಂದರೆ ಸಾಲದು, ಅದಿಲ್ಲದಿದ್ದರೆ ಸಾಯುತ್ತಿರಲಿಲ್ಲ ಎಂದು ರುಜುವಾಗಬೇಕು ಎಂದಿತು ಕೋರ್ಟ್. ಒಳ್ಳೆಯ ತೀರ್ಪೇ. ಆದರೆ ಹೆರಾಯಿನ್‌ಗಿಂತ ಎಷ್ಟೋ ಪಟ್ಟು ಪ್ರಬಲವಾದ ಫೆಂಟನಿಲ್ ಬಂದ ಮೇಲೆ ಆ ಲಗಾಮು ಸಡಿಲವಾಗಿದೆ, ಏಕೆಂದರೆ ಅದೊಂದೇ ಕೊಲ್ಲಲು ಸಾಕು.

ಹೆರಾಯಿನ್, ಫೆಂಟನಿಲ್‌ನಂಥ ಮಾದಕ ಓವರ್‌ಡೋಸ್ ಆದವನ ಪಕ್ಕದಲ್ಲಿ ಕುಳಿತು ನೋಡಿ. ಗಂಟಲಲ್ಲಿ ಗೊರಗೊರ ಸದ್ದು, ಸಾಸಿವೆಕಾಳಿನಷ್ಟಾದ ಕಣ್ಣಪಾಪೆ, ನೀಲಿಗಟ್ಟುವ ತುಟಿ, ಉಗುರು. ಉಸಿರು ನಿಂತರೆ ನಾಲ್ಕಾರು ನಿಮಿಷದಲ್ಲಿ ಮಿದುಳಿಗೆ ಹಾನಿ ಶುರು. ಮೂಗಿನ ಒಂದು ಹೊಳ್ಳೆಗೆ ಈ ಮಾದಕಗಳ ಪ್ರತ್ಯೌಷಧವಾದ ನ್ಯಾಲಾಕ್ಸೋನ್ 4 ಮಿಲಿಗ್ರಾಂ ಸಿಂಪಡಿಸಿ, ಉಸಿರಿಲ್ಲದಿದ್ದರೆ ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡಬೇಕು. ಎರಡು ಮೂರು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಹೊಳ್ಳೆಗೆ. ಔಷಧದ ಪರಿಣಾಮ 30ರಿಂದ 90 ನಿಮಿಷವಷ್ಟೆ. ಅದು ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು. ಆದ್ದರಿಂದ ಜೊತೆಗಿದ್ದವನು ಅಲ್ಲಿಂದ ಓಡಬಾರದು. ಆದರೆ 20 ವರ್ಷದ ಜೈಲು ಅವನಿಗೆ ಹೇಳುವುದು ಓಡು ಎಂದೇ.

ಇದನ್ನು ಸರಿಪಡಿಸಲು ಅಮೆರಿಕದ ನ್ಯೂಮೆಕ್ಸಿಕೊ ರಾಜ್ಯ 2007ರಲ್ಲಿ ಮೊದಲ ಬಾರಿಗೆ ಓವರ್‌ಡೋಸ್‌ಗಾಗಿಯೇ 'ಗುಡ್ ಸಮಾರಿಟನ್' ಕಾನೂನು, ಅಂದರೆ ನೆರವಿಗೆ ಕರೆದವರನ್ನು ಕಾಪಾಡುವ ಕಾನೂನು, ತಂದಿತು. ಬಹುತೇಕ ರಾಜ್ಯಗಳು ಹಿಂಬಾಲಿಸಿದವು. ಆದರೆ ಕರಡಿನಲ್ಲೇ ಎಡವಟ್ಟು. ಕೆಲವೆಡೆ ವಿಚಾರಣೆಯಿಂದ ವಿನಾಯಿತಿ, ಬಂಧನದಿಂದ ಇಲ್ಲ. ರಾತ್ರಿ ಎರಡು ಗಂಟೆಗೆ ಕೈಕೋಳ ಬೀಳುವುದಾದರೆ, ಆಮೇಲೆ ಕೇಸು ಬೀಳುವುದಿಲ್ಲವೆಂಬ ಭರವಸೆ ಯಾರಿಗೆ ಬೇಕು? ಜಾಮೀನಿನ ಮೇಲಿರುವವನ ಷರತ್ತು ಮುರಿದಂತಾಗುವುದೇ ಎಂಬುದಕ್ಕೂ ಉತ್ತರವಿರಬೇಕು. ಕೆನಡಾದ 2017ರ ಕಾಯ್ದೆ ಸ್ವಂತ ಬಳಕೆಯ ಮಾಲಿನ ಮಟ್ಟಿಗೆ ಅದನ್ನೂ ಒಳಗೊಂಡಿದೆ. ಎಲ್ಲಕ್ಕಿಂತ ದೊಡ್ಡ ಕಂಡಿಯೆಂದರೆ, ಹೆಚ್ಚಿನವು ಇಟ್ಟುಕೊಂಡವನನ್ನು ಕಾಪಾಡುತ್ತವೆ, ಹಂಚಿಕೊಂಡವನನ್ನಲ್ಲ. ಕರೆ ಮಾಡಬೇಕಾದವನು ಸಾಮಾನ್ಯವಾಗಿ ಹಂಚಿಕೊಂಡವನೇ. ವರ್ಮಾಂಟ್‌ನ 2013ರ ಕಾನೂನು ಮಾರಿದವನಿಗೂ ರಕ್ಷಣೆ ಕೊಟ್ಟು ಮುಂದೆ ಹೋಯಿತು. ನನಗೆ ಆ ಮಾದರಿಯೇ ಸರಿ ಎನಿಸುತ್ತದೆ.

ನಮ್ಮ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ವಿನಾಯಿತಿ ಕೊಡುತ್ತದೆ, ಅದೂ ಸೇವನೆ ಅಥವಾ 'ಸಣ್ಣ ಪ್ರಮಾಣ'ದ ಪ್ರಕರಣಗಳಲ್ಲಿ. ಹೆರಾಯಿನ್ ಆದರೆ 5 ಗ್ರಾಂ. ಆಂಬ್ಯುಲೆನ್ಸ್ ಕರೆದ ಗೆಳೆಯನ ಪ್ರಸ್ತಾಪ ಅಲ್ಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ, ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮಾತ್ರ. ತಿದ್ದಲು ಹೊಸ ಕಾಯ್ದೆಯೇನೂ ಬೇಡ. 64ಎ ಪಕ್ಕದಲ್ಲೇ ಇನ್ನೊಂದು ಕಲಂ ಬರಲಿ: 108ಕ್ಕೆ ಕರೆ ಮಾಡಿ ಆಂಬ್ಯುಲೆನ್ಸ್ ಬರುವವರೆಗೆ ಜೊತೆಗಿದ್ದವನನ್ನೂ, ಕುಸಿದುಬಿದ್ದವನನ್ನೂ, ಆ ಜಾಗದಲ್ಲಿ ಸಿಕ್ಕ ಮಾಲಿಗಾಗಿ ಬಂಧಿಸತಕ್ಕದ್ದಲ್ಲ.