ಹಾಲಿನ ಲೆಕ್ಕದ ಪಕ್ಕದಲ್ಲಿ

14 ಜುಲೈ 2024, ಭಾನುವಾರ
ಮೈಸೂರು

ಮಾತ್ರೆ ಶುರು ಮಾಡಿ ಇಂದಿಗೆ ಐದನೇ ದಿನ. ಬೆಳಿಗ್ಗೆಯಿಂದ ಆಕಳಿಸುತ್ತಲೇ ಇದ್ದೇನೆ. ನಿದ್ದೆಗೆಟ್ಟಿದ್ದಕ್ಕಲ್ಲ, ಕಾಫಿ ಕುಡಿದ ಮೇಲೂ, ದೋಸೆ ಹುಯ್ಯುವಾಗಲೂ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ವಾಕರಿಕೆ ಬರಬಹುದು, ಬಾಯಿ ಒಣಗಬಹುದು, ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಕಳಿಕೆಯ ಸಂಗತಿ ಪೊಟ್ಟಣದೊಳಗಿನ ಚೀಟಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ನಡುವೆ ಸಿಕ್ಕಿತು.

ಮೊನ್ನೆ ಆಷಾಢದ ಮೊದಲ ಶುಕ್ರವಾರ. ನಸುಕಿಗೇ ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದ ಅತ್ತೆ ನನ್ನ ಕೈಯಲ್ಲಿದ್ದ ಮಾತ್ರೆ ನೋಡಿ, "ಬೆಟ್ಟಕ್ಕೆ ಬರಬೇಕೆಂದು ಮುಂದೂಡುವ ಮಾತ್ರೆ ನುಂಗುತ್ತಿದ್ದೀಯೇನಮ್ಮಾ? ಇನ್ನೂ ಮೂರು ಶುಕ್ರವಾರ ಇದೆ, ಮೈ ಕೆಡಿಸಿಕೊಳ್ಳಬೇಡ" ಎಂದರು.

ತಪ್ಪು ಅವರದಲ್ಲ. ನಮ್ಮ ಮನೆಗಳಲ್ಲಿ ಮುಟ್ಟಿನ ಮಾತ್ರೆ ಎಂದರೆ ಎರಡೇ: ಹೊಟ್ಟೆನೋವಿನದು, ಮುಂದೂಡುವುದು. ತಂಗಿಯ ಮದುವೆಯಲ್ಲಿ ನಾನೂ ಮುಟ್ಟು ಮುಂದೂಡುವ ನೊರೆಥಿಸ್ಟಿರೋನ್ ಅನ್ನು ದಿನಕ್ಕೆ ಮೂರು ಹೊತ್ತು ನುಂಗಿದವಳೇ. ಔಷಧಿ ಅಂಗಡಿಯವರು ವೈದ್ಯರ ಚೀಟಿ ಕೇಳಲಿಲ್ಲ. ಮೈ ಊದಿ, ಎದೆ ಬಿಗಿದು, ರವಿಕೆಯ ಕೊಕ್ಕೆ ಹಾಕಲು ಇಬ್ಬರು ಬೇಕಾದರು. ಅಡ್ಡಪರಿಣಾಮದ ಮಾತನ್ನು ಆಗ ಯಾರೂ ಎತ್ತಲಿಲ್ಲ. ಮದುವೆ ಸುಸೂತ್ರವಾಗಿ ನಡೆಯಿತಲ್ಲ!

"ಇದು ಮುಟ್ಟಿಗೆ ಮೊದಲು ಬರುವ ಸಿಟ್ಟಿಗೆ" ಎಂದೆ.

"ಸಿಟ್ಟಿಗೂ ಮಾತ್ರೆ ಬಂತೇ?" ಎಂದು ಸೆರಗು ಸರಿಮಾಡಿಕೊಂಡು ಹೊರಟರು.

ಮಾತ್ರೆ ಕೊಡುವ ಮೊದಲು ಡಾಕ್ಟರು ಎರಡು ತಿಂಗಳ ಲೆಕ್ಕ ಕೇಳಿದ್ದರು, ಪ್ರತಿದಿನದ್ದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಅತ್ತೆ ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲೇ ಗುರುತು ಹಾಕಿದೆ. ಸಿಟ್ಟಿಗೆ ಸೊನ್ನೆ, ಅಳುವಿಗೆ ಚುಕ್ಕೆ, ಮೈ ಊತಕ್ಕೆ ಗೆರೆ. ಸೊನ್ನೆಗಳನ್ನು ನೋಡಿ ನಮ್ಮವರು ಗ್ಯಾಸ್ ಸಿಲಿಂಡರಿನ ಲೆಕ್ಕವೆಂದುಕೊಂಡಿದ್ದರು. ಜೂನ್ 18ರ ಚೌಕದಲ್ಲಿ ಮೂರು ಸೊನ್ನೆ: ಕೈವಾರ ಮರೆತು ಬಂದ ಒಂಬತ್ತನೇ ತರಗತಿಯ ಹುಡುಗಿಯನ್ನು ಹೊರಗೆ ನಿಲ್ಲಿಸಿ, ಸ್ಟಾಫ್ ರೂಮಿಗೆ ಹೋಗಿ ನಾನೇ ಬಿಕ್ಕಿದ ದಿನ. ಮುಟ್ಟಿಗೆ ಹತ್ತು ದಿನ ಮೊದಲಿಂದ ಸೊನ್ನೆಗಳ ಹಿಂಡು. ಮುಟ್ಟಾದ ಎರಡನೇ ದಿನಕ್ಕೆ ಎಲ್ಲ ಖಾಲಿ. ಗಣಿತ ಪಾಠ ಮಾಡುವವಳಿಗೆ ಇಷ್ಟು ಸರಳ ನಕ್ಷೆ ಇಷ್ಟು ವರ್ಷ ಕಾಣಲಿಲ್ಲ.

ಕೊಟ್ಟಿರುವುದು ಸರ್ಟ್ರಲಿನ್, 50 ಮಿಲಿಗ್ರಾಂ. ತಿಂಗಳಿಡೀ ಅಲ್ಲ, ನಡುತಿಂಗಳಿಂದ ಮುಟ್ಟಾಗುವವರೆಗೆ ಮಾತ್ರ. ಖಿನ್ನತೆಗೆ ಇದೇ ಮಾತ್ರೆ ಹಿಡಿಯಲು ವಾರಗಟ್ಟಲೆ ಬೇಕು, ಇದಕ್ಕೆ ಕೆಲವೇ ದಿನ ಸಾಕಂತೆ. ಗರ್ಭನಿರೋಧಕ ಮಾತ್ರೆಯಿಂದಲೂ ಕೆಲವರಿಗೆ ಗುಣ ಕಾಣುತ್ತದೆ. ಆದರೆ ತಲೆನೋವಿಗೆ ಮೊದಲು ನನ್ನ ಕಣ್ಣೆದುರು ಮಿಂಚಿನ ಗೆರೆ ಓಡುತ್ತದೆ ಎಂದಾಗ ಡಾಕ್ಟರು ಅದನ್ನು ಬದಿಗಿಟ್ಟರು. ಅಂಥವರಿಗೆ ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಹೊಟ್ಟೆನೋವಿಗೆ ಮೆಫೆನಮಿಕ್ ಆಮ್ಲದ ಮಾತ್ರೆಯನ್ನು ಮನಸ್ಸಿಗೆ ಬಂದಂತೆ ನುಂಗಬಾರದು, ಇದರ ಜೊತೆ ಸೇರಿದರೆ ಜಠರದಲ್ಲಿ ರಕ್ತಸ್ರಾವವಾಗುವ ಸಂಭವ ಹೆಚ್ಚುತ್ತದೆ ಎಂದೂ ಹೇಳಿದರು. ಇನ್ನೊಂದನ್ನು ಹೇಳುವಾಗ ಮಾತ್ರ ದನಿ ತಗ್ಗಿತು: ದಾಂಪತ್ಯದ ಆಸೆ ಕುಗ್ಗಬಹುದು. ಆ ಹತ್ತು ದಿನ ನಮ್ಮ ಮನೆಯಲ್ಲಿ ಕುಗ್ಗುವುದಕ್ಕೆ ಏನು ಉಳಿದಿರುತ್ತಿತ್ತು ಎಂದು ನಾನು ಹೇಳಲಿಲ್ಲ.

ಚೀಟಿಯಲ್ಲಿ ಖಿನ್ನತೆ ಎಂಬ ಪದ ಓದಿ ನಮ್ಮವರ ಮುಖ ಸಣ್ಣಗಾಯಿತು. ಅಮೆರಿಕದಲ್ಲಿ 2000ರಲ್ಲಿ ಖಿನ್ನತೆಯ ಮಾತ್ರೆಯಾದ ಪ್ರೋಜಾಕ್‌ನ ಔಷಧವನ್ನೇ ಈ ತೊಂದರೆಯ ತೀವ್ರ ರೂಪಕ್ಕೆಂದು ಸಾರಾಫೆಮ್ ಎಂಬ ಹೊಸ ಹೆಸರಿನಲ್ಲಿ, ಗುಲಾಬಿ ಮತ್ತು ತಿಳಿನೇರಳೆ ಬಣ್ಣದ ಕ್ಯಾಪ್ಸೂಲಿನಲ್ಲಿ ಮಾರಿದರು. ಮೊದಲು ಓದಿದಾಗ ಹೆಂಗಸರಿಗೆ ಬಣ್ಣ ತೋರಿಸುವ ವ್ಯಾಪಾರ ಎಂದು ಸಿಟ್ಟು ಬಂದಿತ್ತು. ನನ್ನ ಪೊಟ್ಟಣವನ್ನು ಸಾಸಿವೆ ಡಬ್ಬಿಯ ಹಿಂದೆ ಇಟ್ಟಿರುವುದು ಆಮೇಲೆ ನೆನಪಾಯಿತು.

ಮಧ್ಯಾಹ್ನ ಊಟದ ನಡುವೆ ಎದ್ದು ಬಚ್ಚಲಿಗೆ ಓಡಿದೆ. ಮರಳಿ ಬಂದರೆ ತಟ್ಟೆಯ ಪಕ್ಕ ಉಪ್ಪು ಹಚ್ಚಿದ ಶುಂಠಿಯ ಚೂರು, ಬಟ್ಟಲಲ್ಲಿ ನೀರುಮಜ್ಜಿಗೆ. ಅತ್ತೆ ಏನೂ ಕೇಳಲಿಲ್ಲ. ಪೊಟ್ಟಣ ಮಾತ್ರ ಸಾಸಿವೆ ಡಬ್ಬಿಯ ಮುಂದಕ್ಕೆ ಬಂದಿತ್ತು.

ಇಂದಿನ ಚೌಕದಲ್ಲಿ ವಾಕರಿಕೆಗೆಂದು ಹೊಸದಾಗಿ ಒಂದು ತ್ರಿಕೋನ ಬರೆದೆ. ಸೊನ್ನೆ ಇಲ್ಲ. ಅದರ ಕೆಳಗೆ ಅತ್ತೆಯ ಕೈಬರಹ: ಹಾಲು, ಅರ್ಧ ಲೀಟರ್ ಹೆಚ್ಚು.