ಲೋಧಿ ಕಾಲೊನಿಯ ಗೋಡೆಗಳು: ಎಲ್ಲಿ ನಿಂತು ಫೋಟೊ ತೆಗೆಯಬೇಕು?

ದೆಹಲಿಯ ಲೋಧಿ ಕಾಲೊನಿಯಲ್ಲಿ ಖನ್ನಾ ಮಾರ್ಕೆಟ್‌ನಿಂದ ಮೆಹರ್‌ಚಂದ್ ಮಾರ್ಕೆಟ್ ಕಡೆಗೆ ನಡೆದರೆ ಗೋಡೆ ಗೋಡೆಗೂ ಚಿತ್ರ. 1940ರ ದಶಕದಲ್ಲಿ ಸರ್ಕಾರಿ ನೌಕರರಿಗೆಂದು ಬ್ರಿಟಿಷರು ಕಟ್ಟಿಸಿದ ಮನೆಗಳಿವು. ಎತ್ತರದ ಕಮಾನುಗಳೇ ಇವುಗಳ ಗುರುತು. ಚಳಿಗಾಲದ ಒಂದು ದಿನ ಪೂರ್ತಿ ಇಲ್ಲಿ ಕ್ಯಾಮೆರಾ ಹಿಡಿದು ಸುತ್ತಿದಾಗ ಒಂದು ಮಾತು ಖಾತ್ರಿಯಾಯಿತು. ಕಲಾವಿದರು ಕಮಾನು, ಕಿಟಕಿ, ನೀರಿನ ಪೈಪುಗಳನ್ನು ಲೆಕ್ಕಕ್ಕೆ ಹಿಡಿದೇ ಬಣ್ಣ ಹಚ್ಚಿದ್ದಾರೆ. ಅವನ್ನೆಲ್ಲ ಕತ್ತರಿಸಿ ಬಣ್ಣವನ್ನಷ್ಟೇ ಫ್ರೇಮಿಗೆ ತುಂಬಿದರೆ ಅವರ ಕೆಲಸದ ಅರ್ಧ ಮಾತ್ರ ಸಿಗುತ್ತದೆ. ಹಾಗಾಗಿ ಮೊದಲ ಫೋಟೊದಲ್ಲಿ ಕಟ್ಟಡದ ಎರಡೂ ಅಂಚು, ಮೇಲಿನ ಆಕಾಶದ ಒಂದು ಪಟ್ಟಿ, ಕೆಳಗೆ ಫುಟ್‌ಪಾತ್ ಇರಲೇಬೇಕು. ಬಿಡಿ ವಿವರಗಳು ಆಮೇಲೆ.

ಎಷ್ಟು ದೂರ ನಿಲ್ಲಬೇಕೆಂಬುದಕ್ಕೆ ಸುಲಭ ಲೆಕ್ಕವಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರಿನ ಅಗಲ 36 ಮಿ.ಮೀ. ಗೋಡೆಯ ಅಗಲವನ್ನು ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಗುಣಿಸಿ 36ರಿಂದ ಭಾಗಿಸಿ. 12 ಮೀಟರ್ ಗೋಡೆಗೆ 24 ಮಿ.ಮೀ. ಲೆನ್ಸ್ ಆದರೆ 8 ಮೀಟರ್, 50 ಮಿ.ಮೀ. ಆದರೆ ಸುಮಾರು 17 ಮೀಟರ್. ಅಂಚಿಗೆ ಜಾಗ ಬೇಕಲ್ಲ, ಇನ್ನೆರಡು ಹೆಜ್ಜೆ ಹಿಂದೆ ಸರಿಯಿರಿ. ಮೇಲ್ಭಾಗ ಹಿಡಿಸಲಿಲ್ಲವೆಂದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದಿರೋ, ಗೋಡೆ ಹಿಂದಕ್ಕೆ ವಾಲಿ ತುದಿ ಕಿರಿದಾಗುತ್ತದೆ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಬಹುದು, ಆದರೆ ಅದು ಬದಿಗಳನ್ನು ತಿನ್ನುತ್ತದೆ. ಅದಕ್ಕಿಂತ ಕ್ಯಾಮೆರಾವನ್ನು ಗೋಡೆಗೆ ಸಮಾನಾಂತರವಾಗಿ ಹಿಡಿದು, ಕೆಳಗೆ ರಸ್ತೆ ಹೆಚ್ಚು ಬಂದರೂ ಬರಲಿ ಎಂದು ಬಿಟ್ಟು, ಆಮೇಲೆ ಕತ್ತರಿಸುವುದು ಮೇಲು. ಹಿಂದೆ ಸರಿಯಲು ಜಾಗವೇ ಇಲ್ಲದಿದ್ದರೆ ಫ್ರೇಮು ಉದ್ದುದ್ದ ನಿಲ್ಲುವಂತೆ ಕ್ಯಾಮೆರಾ ತಿರುಗಿಸಿ, ಪ್ರತಿ ಫೋಟೊದ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವಂತೆ ಸಾಲಾಗಿ ತೆಗೆದು ಜೋಡಿಸಬಹುದು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಪಡಿಸುವ ಸೆಟ್ಟಿಂಗ್), ಫೋಕಸ್ ಮೂರನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕದಿದ್ದರೆ ಜೋಡಣೆಯ ಗೆರೆ ಎದ್ದು ಕಾಣುತ್ತದೆ.

ಇಲ್ಲಿ ನಿಜವಾದ ಕಾಟ ಬಿಸಿಲಿನದಲ್ಲ, ಮರಗಳದು. ಎಲೆಗಳ ನಡುವಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು ಚಿತ್ರದ ಗೆರೆಗಳನ್ನೇ ನುಂಗುತ್ತವೆ. ಎಡಿಟಿಂಗಿನಲ್ಲಿ ಇದಕ್ಕೆ ಮದ್ದಿಲ್ಲ. ಸೂರ್ಯ ಕಟ್ಟಡದ ಹಿಂದಿರುವಾಗ, ಗೋಡೆ ಪೂರ್ತಿ ನೆರಳಿನಲ್ಲಿದ್ದಾಗ ಬನ್ನಿ. ಆಗ ಬಣ್ಣಗಳು ನೀಲಿಗೆ ತಿರುಗುವುದರಿಂದ ವೈಟ್ ಬ್ಯಾಲೆನ್ಸ್ 7000 ಕೆಲ್ವಿನ್ ಆಸುಪಾಸಿಗೆ ಏರಿಸಿ. ಲೆನ್ಸಿನ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಎಫ್/8 ಸಾಕು. ಬಿಳಿ ಹೆಚ್ಚಿರುವ ಗೋಡೆಗೆ ಅರ್ಧ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಡಿ, ಇಲ್ಲದಿದ್ದರೆ ಮಂಕಾಗುತ್ತದೆ.

ಡಾಕು ಎಂಬ ಕಲಾವಿದರ ಗೋಡೆಗೆ ಮಾತ್ರ ಇದೆಲ್ಲ ತಲೆಕೆಳಗು. ಅಲ್ಲಿ ಗೋಡೆಯಿಂದ ಹೊರಚಾಚಿದ ಅಕ್ಷರಗಳ ನೆರಳೇ ಪದಗಳಾಗುತ್ತದೆ. ಬಿಸಿಲಿಲ್ಲದೆ ಚಿತ್ರವೇ ಇಲ್ಲ. ಹೊತ್ತು ಸರಿದಂತೆ ನೆರಳೂ ಓರೆಯಾಗುತ್ತದೆ. ಇದಕ್ಕೆ ಒಂದು ಫೋಟೊ ಸಾಲದು. ಟ್ರೈಪಾಡ್ ಕದಲಿಸದೆ, ಅದೇ ಫ್ರೇಮಿನಲ್ಲಿ ಗಂಟೆಗೊಂದು ತೆಗೆಯಿರಿ.

ಗೋಡೆಗೆ ಒತ್ತಿ ನಿಂತ ಕಾರುಗಳನ್ನು ದಾಟಲು ಉಪಾಯ ಕಡಿಮೆ. ಭಾನುವಾರ ಬಿಟ್ಟು ವಾರದ ದಿನ, ಜನ ಕಚೇರಿಗೆ ಹೋದ ಮೇಲೆ ಬಂದರೆ ಒಂದಿಷ್ಟು ಜಾಗ ಸಿಗಬಹುದು. ಸೈಕಲ್ಲಿನವರೋ ತರಕಾರಿ ಗಾಡಿಯೋ ಅಡ್ಡ ಬಂದರೆ ಮಾತ್ರ ಸಂತೋಷದಿಂದ ಕ್ಲಿಕ್ಕಿಸಿ: ಗೋಡೆಯ ಎತ್ತರ ತಿಳಿಯುವುದೇ ಅವರಿಂದ.

ಫೋಟೊ ಮಾರುವ ಯೋಚನೆಯಿದ್ದರೆ ಕಲಾವಿದರ ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಸಾರ್ವಜನಿಕ ಸ್ಥಳದ ಶಿಲ್ಪಗಳ ಫೋಟೊಗೆ ಕೊಟ್ಟ ವಿನಾಯಿತಿ ವರ್ಣಚಿತ್ರಗಳಿಗೆ ಅನ್ವಯಿಸುವುದಿಲ್ಲ. ಸಹಿ ಸಾಮಾನ್ಯವಾಗಿ ಕೆಳಮೂಲೆಯಲ್ಲಿ, ಹಲವು ಸಲ ಕಾರಿನ ಹಿಂದೆಯೇ ಇರುತ್ತದೆ. ಬಗ್ಗಿ ಅದನ್ನೂ ಒಂದು ಫೋಟೊ ತೆಗೆದುಕೊಳ್ಳಿ.